ಮೊದಲ ಕೀಲಿಮಣೆಗೆ ಮಾದರಿಯ ಆಯ್ಕೆ

ಬಿಡಿಭಾಗಗಳನ್ನು ತರಿಸಿ ಕಂಪ್ಯೂಟರಿನ ಕೀಲಿಮಣೆಯನ್ನು ಸ್ವಹಸ್ತದಿಂದ ಜೋಡಿಸಿಕೊಳ್ಳುವ ಗೀಳು ನನಗೆ ಹಿಡಿದು ಎರಡು ವರ್ಷಗಳಾದುವು. ತುಮಕೂರಿನ ಗೆಳೆಯರು ಈ ವಿಷಯದಲ್ಲಿ ಮೊದಲು ಕೇಳುವುದು ಸ್ವಿಚ್ಚು ಯಾವುದು, ಬಣ್ಣ ಯಾವುದು ಎಂದು. ಅದಕ್ಕೂ ಮುಂಚೆ, ನಾವು ಬರೆಯುವ ಭಾಷೆ ಯಾವ ಕೀಲಿಗಳನ್ನು ಹೆಚ್ಚಾಗಿ ದುಡಿಸುತ್ತದೆಂಬುದನ್ನು ವಿಚಾರಿಸಬೇಕು.

ಇದನ್ನು ನಾನು ಕಲಿತದ್ದು ಹಣ ಕಳೆದುಕೊಂಡು. ಗುಬ್ಬಿಯಲ್ಲಿರುವ ನನ್ನ ಸೋದರಮಾವನವರಿಗೆ ನಾಟಕದ ಹುಚ್ಚು. ಗೆದ್ದಲಿಗೆ ಆಹಾರವಾಗುತ್ತಿದ್ದ ಅವರ ಕೈಬರಹದ ನಾಟಕಗಳನ್ನು ಕಂಪ್ಯೂಟರಿಗೇರಿಸಲು ಒಪ್ಪಿಕೊಂಡು, ಆ ನೆಪದಲ್ಲಿ ಕೀಲಿಮಣೆಯನ್ನು ಕಟ್ಟಿದೆ. ನೋಟಕ್ಕೆ ಸೊಗಸೆಂದು ಯೂರೋಪಿನ ಐಎಸ್‌ಒ ಮಾದರಿಯನ್ನು ಆರಿಸಿದೆ. ಅದರ ಎಡ ಶಿಫ್ಟ್ ಕೀಲಿಯ ಅಗಲ ಸಾಧಾರಣ ಕೀಲಿಯ 1.25ರಷ್ಟು ಮಾತ್ರ, ಅಮೆರಿಕದ ಆನ್ಸಿ ಮಾದರಿಯಲ್ಲಾದರೋ 2.25ರಷ್ಟು.

ಇದರಿಂದೇನು ಎನ್ನಬಹುದು. ನಾನು ಬಳಸುವುದು ಕೆ. ಪಿ. ರಾವ್ ಅವರ ವಿನ್ಯಾಸ. ಅದರಲ್ಲಿ ಕನ್ನಡದ ಅಕ್ಷರಗಳೆಲ್ಲ ಇಂಗ್ಲಿಷಿನ 26 ಕೀಲಿಗಳಲ್ಲೇ ಅಡಗಿವೆ. 'ಕೆ' ಒತ್ತಿದರೆ ಕ, ಶಿಫ್ಟ್ ಸಮೇತ ಒತ್ತಿದರೆ ಖ. ನಮ್ಮ ಬರಹದಲ್ಲಿ ಹೆಜ್ಜೆಹೆಜ್ಜೆಗೂ ಬರುವ ಅನುಸ್ವಾರ, ಣ, ಳ ಮೂರಕ್ಕೂ ಶಿಫ್ಟ್ ಬೇಕು. ಮೂರೂ ಬಲಗೈಯ ಕೀಲಿಗಳು. ಆದ್ದರಿಂದ ಭಾರವೆಲ್ಲ ಎಡಗೈಯ ಕಿರುಬೆರಳಿನದು. 'ಕುಣಿಗಲ್' ಎಂದು ಬರೆಯಹೋದರೆ ಣಕಾರದ ಹೊತ್ತಿಗೆ ಬೆರಳು ಶಿಫ್ಟನ್ನು ತಪ್ಪಿ ಪಕ್ಕದ ಹೆಚ್ಚುವರಿ ಕೀಲಿಯ ಮೇಲೆ ಬೀಳುತ್ತಿತ್ತು. ನಾಯಕಿಯ ಒಂದು ವಿಲಾಪದಲ್ಲಿ ಓರೆಗೆರೆಗಳೇ ಕಣ್ಣೀರಿಗಿಂತ ಹೆಚ್ಚಾಗಿದ್ದುವು! ಮೊದಲ ಅಂಕ ಮುಗಿಯುವಷ್ಟರಲ್ಲಿ ಕಿರುಬೆರಳು ನೋಯತೊಡಗಿ ಕೆಲಸ ನಿಂತಿತು.

ಮಾದರಿಯನ್ನು ಬದಲಿಸೋಣವೆಂದರೆ, ಬೆಸುಗೆಯಿಲ್ಲದೆ ಸ್ವಿಚ್ಚು ಸಿಕ್ಕಿಸುವ ಫಲಕಗಳು ಸಾಮಾನ್ಯವಾಗಿ ಒಂದೇ ಮಾದರಿಗೆ ಒಗ್ಗುತ್ತವೆ. ಬೆಸುಗೆಯ ಫಲಕಗಳಲ್ಲಿ ಎರಡಕ್ಕೂ ತೂತುಗಳಿರುವುದುಂಟು. ನನ್ನದು ಮೊದಲನೆಯ ಬಗೆ. ಹೊಸ ಫಲಕವನ್ನೇ ಕೊಳ್ಳಬೇಕಾಯಿತು.

ಕುಣಿಗಲಿನ ಗೆಳೆಯನೊಬ್ಬನದು ಬೇರೆ ಸಂಗತಿ. ಅವನು ಬಳಸುವುದು ಇನ್‌ಸ್ಕ್ರಿಪ್ಟ್ ವಿನ್ಯಾಸ. ಸ್ವರಚಿಹ್ನೆಗಳು ಎಡಗೈಗೆ, ವ್ಯಂಜನಗಳು ಹೆಚ್ಚಾಗಿ ಬಲಗೈಗೆ ಬರುವುದರಿಂದ ಕೈಗಳು ಸರದಿಯಂತೆ ದುಡಿಯುತ್ತವೆ. ಆದರೆ ಚ, ಟ, ಡ, ಯ ಅಕ್ಷರಗಳು ವಿರಾಮಚಿಹ್ನೆಗಳ ಕೀಲಿಗಳಲ್ಲಿವೆ. ಅವನಿಗೆ ಇಷ್ಟವಾಗಿದ್ದ ಪುಟ್ಟ ಮಣೆಯಲ್ಲಿ ಚೌಕಾವರಣದ ಕೀಲಿಯೇ ಇರಲಿಲ್ಲ. ಅಂದರೆ ಡಕಾರವಿಲ್ಲ, 'ಕನ್ನಡ' ಎಂದೇ ಬರೆಯುವಂತಿಲ್ಲ!

ಗಾತ್ರದ ಮಾತು ಸುಲಭ. 61 ಕೀಲಿಗಳ ಮಣೆಯಲ್ಲಿ ಬಾಣದ ಕೀಲಿಗಳು ಪ್ರತ್ಯೇಕವಾಗಿರುವುದಿಲ್ಲ. ಬರೆದುದನ್ನು ಪದೇ ಪದೇ ತಿದ್ದುವವರಿಗೆ ಅದು ಕಿರುಕುಳ. 87 ಕೀಲಿಗಳದು ಮೊದಲ ಪ್ರಯತ್ನಕ್ಕೆ ಉಚಿತವೆಂದು ನನ್ನ ಅಭಿಪ್ರಾಯ. ನಾನೀಗ ಬಳಸುತ್ತಿರುವುದು ಅದೇ ಗಾತ್ರದ ಆನ್ಸಿ ಮಣೆ. ಮಾವನವರ ನಾಟಕಗಳಲ್ಲಿ ಇನ್ನೆರಡು ಉಳಿದಿವೆ.