ಮಂಗಗಳ ಹೆಸರಿನ 32 ಎಕರೆ: ಒಂದು ಪರಿಸರ ಅಧ್ಯಯನ ಪಾಠದ ಅನುಭವ

ತರಗತಿ: 5
ವಿಷಯ: ಪರಿಸರ ಅಧ್ಯಯನ
ಪಾಠ: ನಮ್ಮೊಂದಿಗೆ ಬದುಕುವ ಪ್ರಾಣಿಗಳು
ಅವಧಿ: 40 ನಿಮಿಷ
ಬೋಧನೋಪಕರಣಗಳು: ಎರಡು ಚಿತ್ರಪಟ, ಭೂಪಟ, ನಮ್ಮ ಮನೆಯ ಹಳೆಯ ಪಹಣಿಯ ಪ್ರತಿ

ಕಲಿಕಾ ಫಲಗಳು
1. ಮುಸುವಕ್ಕೂ ಕೆಂಪು ಮೂತಿಯ ಕೋತಿಗೂ ಇರುವ ವ್ಯತ್ಯಾಸ ಗುರುತಿಸುವರು.
2. ಮಂಗಗಳು ಊರಿಗೆ ಬರುವ ಕಾರಣಗಳನ್ನು ಹೇಳುವರು.
3. ಮಂಗಗಳೊಂದಿಗೆ ಬಾಳಲು ಬೇಕಾದ ನಿಯಮಗಳನ್ನು ತಾವೇ ರೂಪಿಸುವರು.

ಮೂರನೆಯ ಫಲವನ್ನು ನಾನು ಮೊದಲು ಹೀಗೆ ಬರೆದಿರಲಿಲ್ಲ. 'ಮಂಗಗಳಿಗೆ ಆಹಾರ ನೀಡುವ ದಯಾಗುಣ ಬೆಳೆಸಿಕೊಳ್ಳುವರು' ಎಂದಿತ್ತು. ಅದನ್ನು ಬದಲಿಸಿದವಳು ಸೇಡಂ ತಾಲ್ಲೂಕಿನ ಒಂದು ಹಳ್ಳಿಯ ವಿದ್ಯಾರ್ಥಿನಿ.

ಪೀಠಿಕೆ
"ಈ ವಾರ ಮಂಗ ನೋಡಿದವರು ಯಾರು?" ಎಂದು ಕೇಳಿದೆ. ಎಲ್ಲ ಕೈಗಳೂ ಮೇಲೆದ್ದವು. ಚಿತ್ರಪಟ ತೋರಿಸಿ, "ತಿಂಡಿಯನ್ನು ದವಡೆಯಲ್ಲಿ ತುಂಬಿಕೊಂಡು ಓಡುವುದು ಯಾವುದು?" ಎಂದೆ. "ಕೆಂಪು ಮೂತೀದ್ರಿ!" ಎಂಬ ಉತ್ತರ ಬಂತು. ಆ ಕೋತಿಗೆ ಕೆನ್ನೆಯೊಳಗೆ ಚೀಲವಿದೆ. ಕಪ್ಪು ಮುಖದ, ಉದ್ದ ಬಾಲದ ಮುಸುವಕ್ಕೆ ಅದಿಲ್ಲ. ಆದರೆ ಅದರ ಹೊಟ್ಟೆಯಲ್ಲಿ ಆಕಳ ಹೊಟ್ಟೆಯಂತೆ ಹಲವು ಕೋಣೆಗಳಿವೆ. ಎಲೆಯನ್ನು ಅರಗಿಸಿಕೊಳ್ಳಲು ಆ ಏರ್ಪಾಡು. ಬ್ರೆಡ್ಡು, ಬಿಸ್ಕತ್ತು ಅದರ ಆಹಾರವಲ್ಲ.

ಪಾಠದ ಬೆಳವಣಿಗೆ
ಭೂಪಟದಲ್ಲಿ ನಮ್ಮ ಕಲಬುರಗಿ ಜಿಲ್ಲೆಗೆ ಹೊಂದಿಕೊಂಡ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗ ಧಾರಾಶಿವ) ಜಿಲ್ಲೆ ತೋರಿಸಿದೆ. ಅಲ್ಲಿನ ಉಪಳಾ ಗ್ರಾಮದ ದಾಖಲೆಯಲ್ಲಿ 32 ಎಕರೆ ಜಮೀನು ಊರಿನ ಮಂಗಗಳ ಹೆಸರಿನಲ್ಲಿದೆ ಎಂಬ ಸುದ್ದಿ 2022ರ ಅಕ್ಟೋಬರಿನಲ್ಲಿ ಪತ್ರಿಕೆಗಳಲ್ಲಿ ಬಂದಿತ್ತು. ಯಾರು, ಯಾವಾಗ ಹಾಗೆ ಬರೆಸಿದರೆಂದು ಊರಿನವರಿಗೇ ತಿಳಿಯದು. ಹಿಂದೆ ಮದುವೆಗಳಲ್ಲಿ ಮೊದಲ ಉಡುಗೊರೆ ಮಂಗಗಳಿಗೇ ಸಲ್ಲುತ್ತಿತ್ತು. ಬಾಗಿಲಿಗೆ ಬಂದರೆ ಜನ ತಿನ್ನಲು ಕೊಡುತ್ತಾರೆ. ಆ ಸುದ್ದಿ ಬಂದಾಗ ಅಲ್ಲಿ ಸುಮಾರು 100 ಮಂಗಗಳಿದ್ದವು.

ಪಹಣಿಯ ಪ್ರತಿ ತೋರಿಸಿ ಒಂದು ಲೆಕ್ಕ ಕೊಟ್ಟೆ. 32 ಎಕರೆ ಎಂದರೆ 1,280 ಗುಂಟೆ. 100 ಮಂಗಗಳಿಗೆ ಹಂಚಿದರೆ ಒಂದಕ್ಕೆ ಸುಮಾರು 13 ಗುಂಟೆ. "ನಮ್ಮ ಮನ್ಯಾಗ ಯಾರಿಗೂ ಅಷ್ಟ್ ಇಲ್ರಿ ಸರ್" ಎಂದು ಒಬ್ಬ ಹುಡುಗ ಹೇಳಿದಾಗ ತರಗತಿ ನಕ್ಕಿತು.

"ನಾವೂ ಹಾಗೇ ಮಂಗಗಳಿಗೆ ತಿನ್ನಲು ಕೊಡಬೇಕು, ಓಡಿಸಬಾರದು" ಎಂದೆ. ಆಗ ಹಿಂದಿನ ಸಾಲಿನ ಹುಡುಗಿ ಎದ್ದು ನಿಂತಳು.

"ಸರ್, ತೊಗರಿ ಕಾಯಿ ಹಿಡಿದ ಮ್ಯಾಲ ಮಂಗ್ಯಾ ಹೊಲಕ್ಕ ಬರ್ತಾವ್ರಿ. ನಮ್ಮಜ್ಜ ದಿನಾ ಓಡಸ್ತಾನ್ರಿ. ಅಂವ ಕೆಟ್ಟಾಂವ ಏನ್ರಿ?"

ಪಾಠಯೋಜನೆಯಲ್ಲಿ ಇದಕ್ಕೆ ಉತ್ತರವಿರಲಿಲ್ಲ. ತೊಗರಿಯನ್ನೇ ನಂಬಿದ ಮನೆಯ ಮಗುವಿಗೆ ನಾನು ದಯೆಯ ಪಾಠ ಹೇಳುತ್ತಿದ್ದೆ. "ಕೆಟ್ಟವನಲ್ಲವ್ವಾ. ಹ್ಯಾಂಗ ಓಡಸ್ತಾನ?" ಎಂದೆ. "ತಗಡು ಬಡೀತಾನ್ರಿ. ಕಲ್ಲ ಒಗಿಯಂಗಿಲ್ರಿ" ಎಂದಳು.

ಅಲ್ಲಿಂದ ಪಾಠವನ್ನು ಮಕ್ಕಳಿಗೇ ಬಿಟ್ಟೆ. ಉಪಳಾದ ಕಥೆಯಲ್ಲಿ ಮುಖ್ಯವಾದದ್ದು ಯಾವುದು, ತಿಂಡಿಯೋ ಜಾಗವೋ ಎಂದು ಕೇಳಿದೆ. ಆ ಜಮೀನಿನಲ್ಲಿ ಅರಣ್ಯ ಇಲಾಖೆ ಗಿಡ ನೆಟ್ಟಿದೆ ಎಂದೂ ಹೇಳಿದೆ. "ಜಾಗಾರಿ" ಎಂದರು ಬಹಳ ಮಂದಿ. ತಿಂಡಿ ಕೊಟ್ಟು ರೂಢಿ ಮಾಡಿದರೆ ಮಂಗ ಮನೆಯನ್ನೇ ಹುಡುಕಿಕೊಂಡು ಬರುತ್ತದೆ, ಕೊಡದಿದ್ದರೆ ಕಸಿಯುತ್ತದೆ ಎಂಬುದನ್ನೂ ಅವರೇ ಹೇಳಿದರು.

ಕಪ್ಪುಹಲಗೆ ಕೆಲಸ (ಮಕ್ಕಳು ರೂಪಿಸಿದ ನಿಯಮಗಳು, ಕೊನೆಯದನ್ನು ನಾನು ಸೇರಿಸಿದೆ)
• ಕೈಯಿಂದ ತಿನ್ನಿಸಬಾರದು.
• ಹೊಲದಿಂದ ಸದ್ದು ಮಾಡಿ ಕಳಿಸಬಹುದು. ಕಲ್ಲು, ಉರುಳು, ವಿಷ ಬೇಡ.
• ಆಲ, ಅತ್ತಿ, ಹುಣಸೆ ಮರಗಳನ್ನು ಕಡಿಯಬಾರದು.
• ಕಚ್ಚಿದರೆ ಅಥವಾ ಪರಚಿದರೆ ಸಾಬೂನು, ನೀರಿನಿಂದ 15 ನಿಮಿಷ ತೊಳೆದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಗೃಹಪಾಠ
ನಿಮ್ಮ ಅಜ್ಜ ಅಥವಾ ಅಜ್ಜಿ ಚಿಕ್ಕವರಿದ್ದಾಗ ಮಂಗಗಳು ಎಲ್ಲಿ ಇರುತ್ತಿದ್ದವು? ಆ ಮರಗಳು ಈಗ ಇವೆಯೇ? ಕೇಳಿ ಬರೆಯಿರಿ.

ಮರುದಿನ ಒಬ್ಬ ಹುಡುಗ ಬರೆದು ತಂದಿದ್ದ: "ಈಗ ಕಲ್ಲಿನ ಗಣಿ ಇರುವಲ್ಲಿ ಮೊದಲು ಅತ್ತಿ ಗಿಡಗಳಿದ್ದವು." ಆ ಹುಡುಗಿಯ ಪುಸ್ತಕದಲ್ಲಿ ಇದ್ದದ್ದು ಒಂದೇ ಸಾಲು: "ನಮ್ಮಜ್ಜ ಬದುವಿನ ಬಾರಿ ಗಿಡ ಕಡಿದಿಲ್ಲ, ಅದು ಮಂಗಗಳಿಗೆ ಅಂತ ಬಿಟ್ಟಾನ."

ಆತ್ಮಾವಲೋಕನ
ಮೌಲ್ಯಮಾಪನಕ್ಕೆ ಸಮಯ ಉಳಿಯಲಿಲ್ಲ. ಮಾರ್ಗದರ್ಶಿ ಉಪನ್ಯಾಸಕರು ಅದಕ್ಕೆ ಅಂಕ ಕಳೆದರು, ಸರಿಯೇ. ಆದರೆ ಉಪಳಾದ ಹಿರಿಯರು ದಾಖಲೆಯಲ್ಲಿ ಬರೆಸಿದ್ದನ್ನು ಇಲ್ಲಿನ ರೈತನೊಬ್ಬ ಕಾಗದವಿಲ್ಲದೆ ಮಾಡಿದ್ದಾನೆ ಎಂದು ತಿಳಿಯಿತು. ಬೆಳೆಯನ್ನೂ ಕಾಯುತ್ತಾನೆ, ಮಂಗದ ಪಾಲನ್ನೂ ಬಿಡುತ್ತಾನೆ. ಅವನನ್ನು ಕೇಳದೆ ನಾನು ಪಾಠ ಬರೆದಿದ್ದೆ.

ಈ ಪಾಠ ಮಾಡುವ ಗೆಳೆಯರಿಗೆ ಒಂದು ಸಲಹೆ: ವಾಡಿ, ಶಹಾಬಾದ್‌ಗಳಲ್ಲಿ ರೈಲು ನಿಲ್ದಾಣದಿಂದ, ಚಿತ್ತಾಪುರದಲ್ಲಿ ತೊಗರಿ ಹೊಲದಿಂದ, ಚಿಂಚೋಳಿಯಲ್ಲಿ ಅಲ್ಲಿನ ವನ್ಯಜೀವಿಧಾಮದಿಂದ ಆರಂಭಿಸಿ. ಗೃಹಪಾಠದ ಪ್ರಶ್ನೆಯನ್ನು ಮಾತ್ರ ಪಾಠಕ್ಕೆ ಎರಡು ದಿನ ಮೊದಲೇ ಕೊಡಿ.