ಮ್ಯಾಗಜಿನ್ ತೆಗೆದ ಮೇಲೂ ಒಳಗೊಂದು ಉಳಿದಿರಬಹುದು

ಪ್ರಶ್ನೆ: ನಾವಿರುವುದು ಜೆ.ಪಿ. ನಗರದ ಅಪಾರ್ಟ್‌ಮೆಂಟಿನಲ್ಲಿ. ಗಂಡ ಕೊಡವರು, ನಾನು ಚನ್ನರಾಯಪಟ್ಟಣದ ಕಡೆಯವಳು. ಹೋದ ತಿಂಗಳು ಅವರು ಕಾಗದಪತ್ರ ಮಾಡಿಸಿಕೊಂಡು ಒಂದು .22 ಸೆಮಿ ಆಟೊಮ್ಯಾಟಿಕ್ ರೈಫಲ್ ಕೊಂಡು ತಂದರು. ರಾತ್ರಿ ಊಟವಾದ ಮೇಲೆ ಟೇಬಲ್ಲಿಗೆ ಹಳೇ ಪಂಚೆ ಹಾಸಿ, ಬಿಚ್ಚಿ, ಎಣ್ಣೆ ಹಾಕಿ, ಒರೆಸಿ ಜೋಡಿಸುತ್ತಾರೆ. ಆಮೇಲೆ ಬೀರುವಿನ ಮೇಲಿಡುತ್ತಾರೆ. “ಮ್ಯಾಗಜಿನ್ ತೆಗೆದಿದ್ದೀನಲ್ಲ, ಇನ್ನೇನು ಭಯ?” ಅನ್ನುತ್ತಾರೆ. ನನಗೆ ನಿದ್ದೆ ಬರುತ್ತಿಲ್ಲ. ಮಗಳಿಗೆ ಎಂಟು ವರ್ಷ, ಮಗ ಎಸ್ಸೆಸ್ಸೆಲ್ಸಿ. ಅವನೂ ಈಚೆಗೆ ಮಾತು ಕಡಿಮೆ ಮಾಡಿದ್ದಾನೆ, ಸದಾ ಕೋಣೆಯ ಬಾಗಿಲು ಹಾಕಿಕೊಂಡಿರುತ್ತಾನೆ. ಪರೀಕ್ಷೆಯ ಒತ್ತಡ ಇರಬೇಕು. ನಾನು ಬಾಯಿ ತೆರೆದರೆ “ನಿನಗೆ ನಮ್ಮ ಪದ್ಧತಿ ಗೊತ್ತಿಲ್ಲ” ಅನ್ನುತ್ತಾರೆ. ನನ್ನದು ಅತಿಯಾಯಿತೇ?

ಉತ್ತರ: ಅತಿಯಾಗಿಲ್ಲ ತಾಯಿ. ಆದರೆ ನಿಮ್ಮ ಯಜಮಾನರ ಪ್ರೀತಿಯೂ ಸುಳ್ಳಲ್ಲ, ಮೊದಲು ಅದನ್ನು ಹೇಳಿಬಿಡುತ್ತೇನೆ. ಸೆಪ್ಟೆಂಬರಿನ ಕೈಲ್‌ಪೊಳ್ದ್ ಹಬ್ಬದ ದಿನ ಕುಲದ ಐನ್‌ಮನೆಯಲ್ಲಿ ಕೋವಿಗೆ ತೋಕ್‌ಪೂ ಎಂಬ ಹೂ ಸಿಕ್ಕಿಸಿ ಪೂಜೆ ಮಾಡುವುದನ್ನು ನೋಡುತ್ತಾ ಬೆಳೆದವರಿಗೆ ಕೋವಿ ಎಂದರೆ ಬರೀ ಆಯುಧವಲ್ಲ, ಮನೆಯವರಲ್ಲೊಬ್ಬರ ಹಾಗೆ. ಕೊಡವರಿಗೂ ಕೊಡಗಿನ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಸಿಕ್ಕಿದ್ದು ಬ್ರಿಟಿಷರ ಕಾಲದಲ್ಲಿ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿತು, ನಮ್ಮ ಹೈಕೋರ್ಟ್ 2021ರಲ್ಲಿ ಎತ್ತಿಹಿಡಿಯಿತು. ಆದರೆ ಕೊಡಗಿನ ಹೊರಗೆ ಇರುವವರಿಗೆ ಮಿತಿಯಿದೆ: ಒಂದು ರೈಫಲ್, ಅದಕ್ಕೆ 100 ಗುಂಡು, ಒಂದು ತೋಟೆ ಕೋವಿ, ಅದಕ್ಕೆ 500 ತೋಟೆ. ವಿನಾಯಿತಿ ಪತ್ರ ಮನೆಯಲ್ಲೇ ಇದೆಯೇ, ಈ ಹೊಸ ರೈಫಲ್ಲಿನ ವಿವರ ಸೇರಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ಕಾಗದದ ವಿಷಯ ಅಷ್ಟೇ.

ನನ್ನ ಕಳವಳ “ಮ್ಯಾಗಜಿನ್ ತೆಗೆದಿದ್ದೀನಲ್ಲ” ಅನ್ನುವ ಮಾತಿನದು. ನಿಮಗೆ ಉತ್ತರ ಬರೆಯುವ ಮುಂಚೆ ಬನಶಂಕರಿಯಲ್ಲಿರುವ, ಸೈನ್ಯದಿಂದ ನಿವೃತ್ತರಾದ ಪರಿಚಯದ ಹಿರಿಯರೊಬ್ಬರ ಬಳಿ ಹೋಗಿದ್ದೆ. ಅವರು ಇಂಥದೇ ಒಂದು ರೈಫಲ್ಲಿಗೆ ಮದ್ದಿಲ್ಲದ ಡಮ್ಮಿ ಗುಂಡು ಹಾಕಿ ತೋರಿಸಿದರು. ಮ್ಯಾಗಜಿನ್ ಕಳಚಿ ನನ್ನ ಕೈಗೇ ಕೊಟ್ಟು, “ಈಗ ಖಾಲಿಯೇ?” ಅಂದರು. ಖಾಲಿ ಅಂದೆ. ಬೋಲ್ಟ್ ಹಿಂದಕ್ಕೆಳೆದರು. ಚೇಂಬರಿನಿಂದ, ಅಂದರೆ ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಜಾಗದಿಂದ, ಕಿರುಬೆರಳಿಗಿಂತ ತೆಳ್ಳಗಿನ ಹಿತ್ತಾಳೆಯ ಚೂರೊಂದು ಟಣ್ಣನೆ ಹಾರಿ ನೆಲಕ್ಕೆ ಬಿತ್ತು. ನನ್ನ ಅಂಗೈ ಬೆವೆತಿತ್ತು.

ನಿಮ್ಮ ಯಜಮಾನರ ಕೈ ಪಳಗಿರುವುದು ಬಹುಶಃ ಅವರ ತಂದೆಯ ಜೋಡುನಳಿಗೆಯ ಕೋವಿಯಲ್ಲಿ. ಅದರ ನಡು ಮುರಿದರೆ ಎರಡೂ ನಳಿಗೆಯಲ್ಲಿ ಬೆಳಕು ಕಾಣುತ್ತದೆ. ಖಾಲಿಯೋ ಅಲ್ಲವೋ ಮಗುವಿಗೂ ಗೊತ್ತಾಗುತ್ತದೆ. ಈ ರೈಫಲ್ ಹಾಗಲ್ಲ. ಒಂದು ಗುಂಡು ಹಾರಿದ ರಭಸಕ್ಕೆ ಬೋಲ್ಟ್ ತಾನೇ ಹಿಂದೆ ಸರಿದು, ಖಾಲಿ ಚಿಪ್ಪನ್ನು ಎಸೆದು, ಮುಂದೆ ಬರುವಾಗ ಮ್ಯಾಗಜಿನ್ನಿನಿಂದ ಇನ್ನೊಂದನ್ನು ಒಳಗೆ ತಳ್ಳಿಕೊಂಡು ಸಿದ್ಧವಾಗಿ ಕೂತಿರುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಅದಕ್ಕೇ ಕ್ರಮ ಮುಖ್ಯ. ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಬೋಲ್ಟ್ ಎಳೆಯಬೇಕು. ಹಿಂದುಮುಂದಾದರೆ ಒಳಗಿದ್ದದ್ದು ಹೊರಬಿದ್ದು, ಇನ್ನೊಂದು ಒಳಸೇರಿ, ಖಾಲಿ ಮಾಡಿದೆನೆಂಬ ಭ್ರಮೆ ಉಳಿಯುತ್ತದೆ. ಬೋಲ್ಟನ್ನು ಹಿಂದಕ್ಕೇ ನಿಲ್ಲಿಸಿ ಕಣ್ಣಿಂದ ನೋಡಬೇಕು, ಕಿರುಬೆರಳಿನ ತುದಿಯಿಂದ ಮುಟ್ಟಿ ನೋಡಬೇಕು. ಅಷ್ಟಾದರೂ ನಳಿಗೆಯ ಬಾಯಿ ಯಾರತ್ತಲೂ ತಿರುಗಬಾರದು, ಬೆರಳು ಟ್ರಿಗರ್ ಮೇಲೆ ಇರಬಾರದು. ಒರೆಸುವ ಕೋಣೆಯಲ್ಲಿ ಒಂದು ಗುಂಡೂ ಇರಕೂಡದು.

.22 ಅಂದರೆ ಚಿಕ್ಕದು ಎಂಬ ಸಸಾರ ಬೇಡ. ಆ ಗುಂಡು ಒಂದು ಮೈಲಿಗೂ ಆಚೆ ಹೋಗಬಲ್ಲದು. ಜಯನಗರ 4ನೇ ಬ್ಲಾಕಿನ ಕಾಂಪ್ಲೆಕ್ಸಿನಿಂದ ಸೌತ್ ಎಂಡ್ ಸರ್ಕಲ್ಲನ್ನೂ ದಾಟುವಷ್ಟು ದೂರ.

“ಬೇಡ, ಮಾರಿಬಿಡಿ” ಎಂದು ಮಾತು ಶುರು ಮಾಡಬೇಡಿ. “ಚೇಂಬರ್ ತೋರಿಸಿ, ನನಗೂ ಕಲಿಸಿ” ಅನ್ನಿ. ಅವರ ಪದ್ಧತಿಗೆ ಅದರಲ್ಲಿ ಅಗೌರವವಿಲ್ಲ; ಕೋವಿ ಹಿಡಿದು ಗುರಿಯಿಡುವ ಹೆಣ್ಣುಮಕ್ಕಳು ಕೊಡಗಿನಲ್ಲಿ ಎಷ್ಟೋ ಜನ. ಯಾರಾದರೂ ನುರಿತ ತರಬೇತುದಾರರ ಹತ್ತಿರ, ಶೂಟಿಂಗ್ ರೇಂಜಿನಲ್ಲಿ, ಇಬ್ಬರೂ ಒಟ್ಟಿಗೆ ಕಲಿಯಿರಿ. ಬೀರುವಿನ ಮೇಲೆ ಇಡುವುದು ಇವತ್ತಿಗೇ ಕೊನೆಯಾಗಲಿ. ಸಜ್ಜೆಯ ಮೇಲೆ ಏನಿದೆ, ಬೀರುವಿನ ಹಿಂದೆ ಏನಿದೆ ಅನ್ನುವುದು ನಮಗಿಂತ ಮಕ್ಕಳಿಗೇ ಚೆನ್ನಾಗಿ ಗೊತ್ತು. ಗೋಡೆಗೆ ಬೋಲ್ಟ್ ಹಾಕಿದ ಉಕ್ಕಿನ ಪೆಟ್ಟಿಗೆ ಬೇಕು. ಗುಂಡುಗಳು ಬೇರೆ ಕೋಣೆಯಲ್ಲಿ, ಬೇರೆ ಬೀಗದಲ್ಲಿ. ಬೀಗದ ಕೈ ಬಾಗಿಲ ಪಕ್ಕದ ಮೊಳೆಗೆ ತೂಗಾಡಬಾರದು.

ಇನ್ನು ನೀವು ಅಷ್ಟೇನೂ ಒತ್ತು ಕೊಡದೆ ಬರೆದ ಆ ಸಾಲು, ಮಗನದು. ನಿಮ್ಮ ಪತ್ರದಲ್ಲಿ ನಾನು ಮತ್ತೆ ಮತ್ತೆ ಓದಿದ್ದು ಅದನ್ನೇ. ಪರೀಕ್ಷೆಯ ಒತ್ತಡವೇ ಇರಬಹುದು. ಆ ವಯಸ್ಸಿಗೆ ಬಾಗಿಲು ಹಾಕಿಕೊಳ್ಳುವುದು ಸಹಜವೂ ಹೌದು. ಆದರೆ ಮನೆಯಲ್ಲಿ ಬಂದೂಕು ಇದ್ದಾಗ ಊಹೆಯ ಮೇಲೆ ಸುಮ್ಮನಿರಲಾಗದು. ಸಾಯಬೇಕೆನ್ನಿಸುವ ಗಳಿಗೆ ಎಷ್ಟೋ ಸಲ ಬಂದು ಹೋಗುವಂಥದ್ದು, ನಿಮಿಷಗಳದ್ದು. ಆ ಹೊತ್ತಿಗೆ ಕೈಗೆ ಏನು ಸಿಗುತ್ತದೆ ಅನ್ನುವುದರ ಮೇಲೆ ಜೀವ ನಿಂತಿರುತ್ತದೆ. ಬಂದೂಕು ಇನ್ನೊಂದು ಅವಕಾಶ ಕೊಡುವುದು ತೀರಾ ಅಪರೂಪ. ಮಗನ ಮನಸ್ಸು ತಿಳಿಯಾಗಿದೆ ಎಂದು ಖಚಿತವಾಗುವವರೆಗೆ ರೈಫಲ್ ಮನೆಯಲ್ಲಿ ಇರುವುದು ಬೇಡ. ಪೊಲೀಸ್ ಠಾಣೆಯಲ್ಲೋ ಪರವಾನಗಿ ಇರುವ ಬಂದೂಕಿನಂಗಡಿಯಲ್ಲೋ ಠೇವಣಿ ಇಡಬಹುದು. ಚುನಾವಣೆ ಬಂದಾಗ ಎಷ್ಟೋ ಜನ ಹಾಗೆ ಇಟ್ಟು ವಾಪಸ್ ತರುತ್ತಾರೆ, ಅದರಿಂದ ಯಾರ ಮರ್ಯಾದೆಯೂ ಹೋಗಿಲ್ಲ. ಈ ಮಾತನ್ನು ಗಂಡನಿಗೆ ಬೈಗುಳವಾಗಿ ಹೇಳಬೇಡಿ. ಅವರೂ ಆ ಹುಡುಗನ ತಂದೆ. ಹೇಳುವ ಹಾಗೆ ಹೇಳಿದರೆ ನಿಮಗಿಂತ ಮೊದಲು ಅವರೇ ಎದ್ದು ಹೊರಡುತ್ತಾರೆ.

ಮಗನ ಹತ್ತಿರ ಮಾರ್ಕ್ಸ್ ಮಾತು ತೆಗೆಯದೆ ಕೂತುಕೊಳ್ಳಿ. “ಬದುಕೇ ಬೇಡ ಅನ್ನಿಸುತ್ತಾ ಕಂದಾ?” ಎಂದು ನೇರವಾಗಿ ಕೇಳಿ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇದ್ದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದು ಅಂದರೆ, ಅಥವಾ ಉತ್ತರಿಸದೆ ಮುಖ ತಿರುಗಿಸಿದರೆ, ಅವನನ್ನು ಒಬ್ಬನೇ ಬಿಡಬೇಡಿ. 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಕೊಡಬೇಕಿಲ್ಲ. ಹೊಸೂರು ರಸ್ತೆಯ ನಿಮ್ಹಾನ್ಸ್ ನಿಮ್ಮ ಮನೆಗೆ ದೂರವೇನಲ್ಲ, ಅಲ್ಲಿನ ತುರ್ತು ವಿಭಾಗ ರಾತ್ರಿಯೂ ತೆರೆದಿರುತ್ತದೆ. ಇದನ್ನು ಪರೀಕ್ಷೆ ಮುಗಿಯಲಿ ಎಂದು ಮುಂದೂಡಬೇಡಿ. ಇವತ್ತು ರಾತ್ರಿ ಟೇಬಲ್ ಮೇಲೆ ಆ ಪಂಚೆ ಹಾಸುವುದಕ್ಕೆ ಮೊದಲೇ ಗಂಡನನ್ನು ಕೂರಿಸಿಕೊಂಡು ಮಾತಾಡಿ. ಏನಾಯಿತೆಂದು ನನಗೆ ಬರೆಯಿರಿ.