ಮರಗಸಿ ಮಾಡುವವರ ಹಗ್ಗವೂ ಅದರ ಪ್ರಯೋಗಕ್ರಮವೂ

ಕಾಫಿ ತೋಟಗಳಲ್ಲಿ ನೆರಳಿನ ಮರಗಳ ಕೊಂಬೆಗಳನ್ನು ಕಾಲಕಾಲಕ್ಕೆ ಸವರಿ ಬೆಳಕನ್ನು ಹದಕ್ಕೆ ತರಬೇಕೆಂಬುದು ಕೊಡಗು, ಚಿಕ್ಕಮಗಳೂರು, ಹಾಸನ ಜಿಲ್ಲೆಗಳ ತೋಟದ ಯಜಮಾನರೆಲ್ಲರಿಗೂ ತಿಳಿದ ವಿಷಯವೇ ಆಗಿದೆ. ನೆರಳು ದಟ್ಟವಾದರೆ ಮಳೆಗಾಲದಲ್ಲಿ ಗಿಡಗಳಿಗೆ ಕೊಳೆರೋಗವು ತಗುಲುವುದು. ತೀರ ತೆಳುವಾದರೆ ಅರಾಬಿಕಾ ಗಿಡಗಳಿಗೆ ಬಿಳಿ ಕಾಂಡಕೊರಕದ ಉಪದ್ರವವು ಹೆಚ್ಚುವುದು. ಎಷ್ಟು ಸವರಬೇಕು, ಯಾವಾಗ ಸವರಬೇಕು ಎಂಬ ವಿಚಾರದಲ್ಲಿ ಯಜಮಾನರು ಬಹಳ ಮುತುವರ್ಜಿಯನ್ನು ವಹಿಸುತ್ತಾರೆ. ಸವರುವುದಕ್ಕಾಗಿ ಐವತ್ತು ಅರವತ್ತು ಅಡಿ ಎತ್ತರಕ್ಕೆ ಹತ್ತುವ ಆಳು ಕ್ಷೇಮವಾಗಿ ಇಳಿದುಬರುವ ಬಗೆ ಹೇಗೆಂಬ ವಿಚಾರವು ಮಾತ್ರ ಅನೇಕ ತೋಟಗಳಲ್ಲಿ ಆಳಿನ ಅದೃಷ್ಟಕ್ಕೇ ಬಿಟ್ಟುಹೋಗಿದೆ. ಮರಗಸಿಯ ಕಾಲದಲ್ಲಿ ಬಿದ್ದು ಸತ್ತವರ, ಬೆನ್ನುಮೂಳೆ ಮುರಿದು ಹಾಸಿಗೆ ಹಿಡಿದವರ ಸುದ್ದಿಯು ಮಲೆನಾಡಿನಲ್ಲಿ ಅಪರೂಪವಲ್ಲ.

ಬೀಳುವುದಕ್ಕೆ ಕಾರಣಗಳು ಹಲವು ಉಂಟು. ಸಿಲ್ವರ್ ಓಕ್ ಮರದ ಕೊಂಬೆಯು ನೋಡಲು ಗಟ್ಟಿಯಾಗಿದ್ದರೂ ಬಲು ಸಿಡುಕು. ಬಾಗದೆ ಒಮ್ಮೆಗೇ ಮುರಿಯುವುದು. ಹಾಲುವಾಣದ ಮರವು ಮೃದು, ಮೈಯೆಲ್ಲ ಮುಳ್ಳು. ಅತ್ತಿ, ಗೋಣಿ ಮೊದಲಾದ ಹಳೆಯ ಮರಗಳಲ್ಲಿ ಹೊರಗೆ ಹಸುರಾಗಿ ಕಾಣುವ ಕೊಂಬೆಯು ಒಳಗೆ ಟೊಳ್ಳಾಗಿರಬಹುದು. ಇವೆಲ್ಲವೂ ಮರದ ದೋಷಗಳು. ಕೆಲಸದ ಕ್ರಮದ ದೋಷವೇ ಬೇರೆ: ಆಳು ಕೊಂಬೆಯ ಮೇಲೆ ನಿಂತು, ಒಂದು ಕೈಯಿಂದ ಮರವನ್ನು ಹಿಡಿದು, ಮತ್ತೊಂದು ಕೈಯಿಂದ ಕತ್ತಿಯನ್ನು ಬೀಸುತ್ತಾನೆ. ಅವನ ಪ್ರಾಣವು ಒಂದು ಕೈಯ ಹಿಡಿತದಲ್ಲಿಯೂ ಒಂದು ಕೊಂಬೆಯ ಗಟ್ಟಿತನದಲ್ಲಿಯೂ ನಿಂತಿರುತ್ತದೆ. ಅಡಿಕೆಯ ಕೊನೆಗಾರನು ಕಾಲಿಗೆ ತಳೆಯನ್ನು ಹಾಕಿಕೊಂಡು ನೆಟ್ಟನೆಯ ಮರವನ್ನು ಹತ್ತುವ ಚಾತುರ್ಯವು ಮೆಚ್ಚತಕ್ಕದ್ದೇ ಸರಿ. ಆದರೆ ಆ ವಿದ್ಯೆಯು ಕವಲೊಡೆದು ಹರಡಿದ ನೆರಳಿನ ಮರಕ್ಕೆ ಒದಗುವುದಿಲ್ಲ.

ಮರಗಳ ಶಸ್ತ್ರಚಿಕಿತ್ಸೆಯನ್ನೇ ವೃತ್ತಿಯನ್ನಾಗಿ ಮಾಡಿಕೊಂಡವರು ಅಮೆರಿಕ, ಇಂಗ್ಲೆಂಡ್ ಮುಂತಾದ ದೇಶಗಳಲ್ಲಿದ್ದಾರೆ. ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಓಹಿಯೋ ಸಂಸ್ಥಾನದಲ್ಲಿ ನೆಲಸಿದ ಜಾನ್ ಡೇವಿ ಎಂಬವನು 1901ರಲ್ಲಿ ಈ ವಿದ್ಯೆಯ ಮೇಲೆ ಗ್ರಂಥವೊಂದನ್ನು ಪ್ರಕಟಿಸಿದನು. ಅಲ್ಲಿಂದೀಚೆಗೆ ಬೆಳೆದುಬಂದ ಪದ್ಧತಿಯ ತಿರುಳು ಇಷ್ಟೇ: ಆಳು ಕೊಂಬೆಯನ್ನು ನೆಚ್ಚಿ ನಿಲ್ಲಕೂಡದು, ಮೇಲಿನ ಗಟ್ಟಿ ಕವಲಿನಿಂದ ಇಳಿಬಿಟ್ಟ ಹಗ್ಗವನ್ನು ನೆಚ್ಚಿ ಕುಳಿತಿರಬೇಕು. ಕಾಲ ಕೆಳಗಿನ ಕೊಂಬೆ ಮುರಿದರೂ ಅವನು ಇದ್ದಲ್ಲಿಯೇ ತೂಗಾಡುವನು. ಎರಡು ಕೈಗಳೂ ಕೆಲಸಕ್ಕೆ ದೊರೆಯುವುದರಿಂದ ಕೆಲಸವೂ ಚುರುಕಾಗುವುದು.

ಹಗ್ಗದ ಆಯ್ಕೆಯಲ್ಲಿ ಜಿಪುಣತನವು ಸಲ್ಲದು. ತೆಂಗಿನ ನಾರಿನ ಹಗ್ಗ, ಕತ್ತಾಳೆಯ ಹಗ್ಗ, ದನ ಕಟ್ಟುವ ಹಗ್ಗ ಇವು ಮನುಷ್ಯನ ಪ್ರಾಣಕ್ಕೆ ತಕ್ಕವಲ್ಲ. ತೇವದಲ್ಲಿ ಒಳಗೊಳಗೇ ಕೊಳೆತು ಹೊರಗೆ ಚೆನ್ನಾಗಿಯೇ ಕಾಣುವುವು. ಅಂಗಡಿಗಳಲ್ಲಿ ಅಗ್ಗವಾಗಿ ದೊರೆಯುವ ಹೊಳಪಿನ ಪ್ಲಾಸ್ಟಿಕ್ ಹಗ್ಗವು ಬಿಸಿಲಿಗೆ ಬೇಗ ಸತ್ತ್ವಹೀನವಾಗುವುದು, ಉಜ್ಜಿದ ಶಾಖಕ್ಕೆ ಕರಗುವುದು. ಇದಕ್ಕೆ ತಕ್ಕದ್ದೆಂದರೆ ಮರ ಹತ್ತುವುದಕ್ಕಾಗಿಯೇ ಹೆಣೆದ, ಸುಮಾರು ಅರ್ಧ ಅಂಗುಲ ದಪ್ಪದ, ಪಾಲಿಯೆಸ್ಟರ್ ಅಥವಾ ಪಾಲಿಯೆಸ್ಟರ್ ಹೊದಿಕೆಯುಳ್ಳ ನೈಲಾನ್ ಹಗ್ಗ. ಅಮೆರಿಕದ ವೃತ್ತಿನಿಯಮಗಳ ಮೇರೆಗೆ ಇಂಥ ಹಗ್ಗವು 5,400 ಪೌಂಡುಗಳಿಗಿಂತ, ಎಂದರೆ ಸುಮಾರು 2,450 ಕಿಲೋಗ್ರಾಂಗಳಿಗಿಂತ, ಕಡಮೆ ಭಾರಕ್ಕೆ ಹರಿಯಕೂಡದು. ಒಬ್ಬ ಮನುಷ್ಯನಿಗೆ ಇಷ್ಟೇಕೆಂದು ಕೇಳಬಹುದು. ಗಂಟು ಹಾಕಿದಲ್ಲಿ ಹಗ್ಗದ ಬಲವು ಬಹಳವಾಗಿ ಕುಗ್ಗುವುದು, ಬಳಕೆಯಿಂದ ಸವೆಯುವುದು, ಸಡಿಲ ಹಗ್ಗದ ಮೇಲೆ ಆಳು ತಟ್ಟನೆ ಬಿದ್ದರೆ ಅವನ ತೂಕದ ಹಲವು ಪಾಲು ಎಳೆತವು ಒಮ್ಮೆಗೇ ತಗುಲುವುದು.

ಹಗ್ಗವನ್ನು ಬರಿಯ ಸೊಂಟಕ್ಕೆ ಬಿಗಿಯುವ ವಾಡಿಕೆಯನ್ನು ಬಿಡಬೇಕು. ಹಾಗೆ ತೂಗಾಡುವವನಿಗೆ ಹೊಟ್ಟೆ, ಪಕ್ಕೆಲುಬು ಒತ್ತಿ ಉಸಿರಾಡುವುದೇ ಕಷ್ಟವಾಗುವುದು. ತಲೆಕೆಳಗಾದರೆ ಜಾರಿಯೂ ಹೋಗಬಹುದು. ಸೊಂಟವನ್ನೂ ಎರಡು ತೊಡೆಗಳನ್ನೂ ಸುತ್ತುವ, ಕುಳಿತಂತೆ ಭಾರ ಹೊರುವ ಅಗಲ ಪಟ್ಟಿಯೇ ಸರಿಯಾದದ್ದು. ಜೊತೆಗೆ ತಾನಾಗಿ ಬೀಗ ಬೀಳುವ ಕೊಂಡಿಗಳು, ತಲೆಗೆ ಗಟ್ಟಿ ಟೋಪಿ, ಒರೆಯುಳ್ಳ ಕೈಗರಗಸ ಇಷ್ಟು ಬೇಕು. ಬೂಟಿಗೆ ಕಟ್ಟುವ ಉಕ್ಕಿನ ಮುಳ್ಳುಗಳನ್ನು ಕಡಿದುಹಾಕತಕ್ಕ ಮರಗಳಿಗೆ ಮಾತ್ರ ಉಪಯೋಗಿಸಬೇಕು. ಉಳಿಸತಕ್ಕ ಮರದಲ್ಲಿ ಪ್ರತಿಯೊಂದು ಹೆಜ್ಜೆಯೂ ಒಂದೊಂದು ಗಾಯವಾಗುವುದು.

ಇನ್ನು ಹತ್ತುವ ಕ್ರಮ. ಮೊದಲು ಮರವನ್ನು ಸುತ್ತಿ ನೋಡಬೇಕು: ಬುಡದಲ್ಲಿ ಅಣಬೆ, ಕಾಂಡದಲ್ಲಿ ಪೊಟರೆ, ಮೇಲೆ ಒಣಕೊಂಬೆ, ಹೆಜ್ಜೇನಿನ ಹುಟ್ಟಿ. ಬಳಿಕ ತೆಳುವಾದ ದಾರದ ತುದಿಗೆ ಮರಳು ತುಂಬಿದ ಸಣ್ಣ ಚೀಲವನ್ನು ಕಟ್ಟಿ, ಆರಿಸಿದ ಕವಲಿನ ಮೇಲೆ ಹಾಯುವಂತೆ ಎಸೆದು, ಆ ದಾರದಿಂದ ಹಗ್ಗವನ್ನು ಎಳೆದುಕೊಳ್ಳಬೇಕು. ಕವಲು ಕಾಂಡಕ್ಕೆ ಸಮೀಪವಾಗಿ, ಹಸಿಯಾಗಿ, ನಾಲ್ಕು ಅಂಗುಲಕ್ಕಿಂತ ದಪ್ಪವಾಗಿ ಇರಬೇಕು. ಆಳು ನೆಲ ಬಿಡುವ ಮುನ್ನ ಇಬ್ಬರು ಒಟ್ಟಿಗೆ ಹಗ್ಗಕ್ಕೆ ಜೋತುಬಿದ್ದು ಪರೀಕ್ಷಿಸತಕ್ಕದ್ದು.

ಹಗ್ಗದ ಒಂದು ತುದಿಯನ್ನು ಪಟ್ಟಿಯ ಮುಂದಿನ ಬಳೆಗೆ ಕಟ್ಟಬೇಕು. ಕವಲನ್ನು ದಾಟಿ ಇಳಿದ ಇನ್ನೊಂದು ಎಳೆಯ ಮೇಲೆ ಜಾರುವ ಬಿಗಿಗಂಟನ್ನು ಹಾಕಿ ಅದನ್ನೂ ಪಟ್ಟಿಗೆ ಸೇರಿಸಬೇಕು. ಈ ಗಂಟುಗಳಲ್ಲಿ ಕಲಿಯಲು ಸುಲಭವಾದದ್ದು ಆಸ್ಟ್ರಿಯ ದೇಶದ ಪರ್ವತಾರೋಹಿ ಕಾರ್ಲ್ ಪ್ರೂಸಿಕ್ ಎಂಬವನು 1931ರಲ್ಲಿ ಪ್ರಚಾರಕ್ಕೆ ತಂದ ಗಂಟು. ಮುಖ್ಯ ಹಗ್ಗಕ್ಕಿಂತ ತುಸು ತೆಳುವಾದ ಗಟ್ಟಿ ಹಗ್ಗದ ಕುಣಿಕೆಯನ್ನು ಮುಖ್ಯ ಹಗ್ಗದ ಸುತ್ತ ಮೂರು ಸಲ, ಸುತ್ತುಗಳು ಒಂದರ ಮೇಲೊಂದು ಏರದಂತೆ, ತನ್ನೊಳಗೇ ತೂರಿಸಿ ಬಿಗಿಯುವುದು. ಭಾರವಿಲ್ಲದಾಗ ಕೈಯಿಂದ ಸರಿಸಿದರೆ ಅದು ಸರಿಯುವುದು. ಭಾರ ಬಿದ್ದೊಡನೆ ಕಚ್ಚಿ ನಿಲ್ಲುವುದು. ಆಳು ಇಳಿಯೆಳೆಯನ್ನು ಎಳೆಯುತ್ತ ಗಂಟನ್ನು ಮೇಲಕ್ಕೆ ನೂಕುತ್ತ ಏರುವನು. ಎರಡು ಅಡಿ ಎಳೆದರೆ ಒಂದು ಅಡಿ ಏರುವುದರಿಂದ ಶ್ರಮವು ಅಷ್ಟಾಗಿ ತೋರುವುದಿಲ್ಲ. ಗಾಬರಿಯಲ್ಲಿ ಗಂಟನ್ನೇ ಮುಷ್ಟಿಯಲ್ಲಿ ಹಿಡಿದರೆ ಅದು ಕಚ್ಚುವುದಿಲ್ಲವೆಂಬುದನ್ನು ಹೊಸಬರಿಗೆ ನೆಲದಿಂದ ಮೂರಡಿ ಎತ್ತರದಲ್ಲಿಯೇ ಮತ್ತೆ ಮತ್ತೆ ತೋರಿಸಿಕೊಡಬೇಕು. ಇಳಿಯುವಾಗ ನಿಧಾನವಾಗಿ ಇಳಿಯಬೇಕು. ವೇಗದಿಂದ ಹುಟ್ಟುವ ಶಾಖವು ಗಂಟಿನ ಎಳೆಗಳನ್ನು ಸುಡುವುದು. ಹಗ್ಗದ ಕೊನೆಯಲ್ಲಿ ದಪ್ಪ ಗಂಟೊಂದು ಇರಲೇಬೇಕು, ಇಲ್ಲವಾದರೆ ಹಗ್ಗ ಸಾಲದೆ ಬಂದಾಗ ಆಳು ತುದಿಯಿಂದಲೇ ಕಳಚಿ ಬೀಳುವನು. ಅರವತ್ತು ಅಡಿ ಎತ್ತರದ ಕವಲಿಗೆ ನೂರ ಇಪ್ಪತ್ತು ಅಡಿಗೆ ಮಿಕ್ಕ ಹಗ್ಗವು ಬೇಕಾಗುವುದು.

ಕತ್ತರಿಸುವ ಮುನ್ನ ಎರಡನೆಯ ಕಟ್ಟು ಅವಶ್ಯಕವು. ಬಿಗಿದ ಹಗ್ಗಕ್ಕೆ ಕತ್ತಿಯ ಅಲಗು ತಗುಲಿದರೆ ಸಾಕು, ಹಗ್ಗವು ತುಂಡಾಗುವುದು. ತನ್ನ ಹಗ್ಗವನ್ನು ತಾನೇ ಕಡಿದುಕೊಳ್ಳುವುದು ಈ ವೃತ್ತಿಯ ದೊಡ್ಡ ಅಪಾಯಗಳಲ್ಲಿ ಒಂದು. ಆದಕಾರಣ ಉಕ್ಕಿನ ತಂತಿಯ ತಿರುಳುಳ್ಳ ಗಿಡ್ಡ ಹಗ್ಗವೊಂದನ್ನು ಕಾಂಡಕ್ಕೆ ಸುತ್ತಿ ಪಟ್ಟಿಗೆ ಸೇರಿಸಿದ ಮೇಲೆಯೇ ಗರಗಸವನ್ನು ಒರೆಯಿಂದ ತೆಗೆಯಬೇಕು. ಕತ್ತಿಯನ್ನು ಬೀಸುವುದಕ್ಕಿಂತ ಗರಗಸವೇ ಲೇಸು.

ದಪ್ಪ ಕೊಂಬೆಯನ್ನು ಒಂದೇ ಏಟಿಗೆ ತೆಗೆದರೆ ಅದು ಕಾಂಡದ ತೊಗಟೆಯನ್ನು ಸುಲಿದುಕೊಂಡು ಬೀಳುವುದು. ಕಾಂಡದಿಂದ ಒಂದಡಿ ದೂರದಲ್ಲಿ ಮೊದಲು ಅಡಿಯಿಂದ ಮೂರನೆಯ ಒಂದು ಪಾಲು, ಅದರ ಆಚೆ ಮೇಲಿನಿಂದ ಪೂರ್ತಿ, ಉಳಿದ ಮೋಟನ್ನು ಕೊನೆಗೆ ಕೊಯ್ಯಬೇಕು. ಕೊನೆಯ ಕೊಯ್ತವು ಕೊಂಬೆಯ ಬುಡದ ಉಬ್ಬಿಗೆ ತಾಕದೆ ಅದರ ಹೊರಗೇ ಇರಬೇಕು. ಆ ಉಬ್ಬನ್ನು ಕೆತ್ತಿದರೆ ಕೊಳೆತವು ಕಾಂಡದೊಳಗೆ ಇಳಿಯುವುದೆಂದು ಅಮೆರಿಕದ ಅರಣ್ಯ ಇಲಾಖೆಯ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿಯು ಸಾವಿರಾರು ಮರಗಳನ್ನು ಸೀಳಿ ತೋರಿಸಿಕೊಟ್ಟನು. ಗಾಯಕ್ಕೆ ಟಾರು ಬಳಿಯುವುದರಿಂದ ಕೊಳೆಯುವುದು ನಿಲ್ಲುವುದಿಲ್ಲ.

ವಿದ್ಯುತ್ತಂತಿಯಿಂದ ಕಡೆಯಪಕ್ಷ ಹತ್ತು ಅಡಿ ದೂರವಿರಬೇಕು. ಅದಕ್ಕಿಂತ ಸಮೀಪದ ಮರವಾದರೆ ವಿದ್ಯುತ್ ಕಂಪನಿಗೆ ತಿಳಿಸಿ ಪ್ರವಾಹವನ್ನು ನಿಲ್ಲಿಸಿದ ಹೊರತು ಆಳನ್ನು ಹತ್ತಿಸಲೇಕೂಡದು. ಹಸಿ ಕೊಂಬೆ, ತೊಯ್ದ ಹಗ್ಗ, ಅಲ್ಯುಮಿನಿಯಂ ಏಣಿ ಮೂರೂ ವಿದ್ಯುತ್ತನ್ನು ಹರಿಸುವುವು. ಏಣಿಯಂತೂ ಬಹಳ ಜನರನ್ನು ಬಲಿ ತೆಗೆದುಕೊಂಡಿದೆ.

ಮರದ ಮೇಲೆ ಒಬ್ಬನಿರುವಾಗ ಬುಡದಲ್ಲಿ ಹತ್ತಬಲ್ಲ ಮತ್ತೊಬ್ಬನೂ ಎರಡನೆಯ ಪಟ್ಟಿಯೂ ಹಗ್ಗವೂ ಇರಬೇಕು. ಎಚ್ಚರ ತಪ್ಪಿ ಪಟ್ಟಿಯಲ್ಲಿ ಅಲುಗಾಡದೆ ತೂಗುವವನ ಪ್ರಾಣಕ್ಕೆ ಕೆಲವೇ ನಿಮಿಷಗಳಲ್ಲಿ ಅಪಾಯ ಒದಗಬಹುದು. ಪೇಟೆಯಿಂದ ಜನ ಬರುವವರೆಗೆ ಕಾಯಲಾಗದು.

ಇಷ್ಟು ಸಾಮಗ್ರಿಗೆ ಹಣ ಬೇಕು, ನಿಜ. ಚಿಕ್ಕ ತೋಟದವರು ನಾಲ್ಕಾರು ಮಂದಿ ಕೂಡಿ ಒಂದು ಜೊತೆಯನ್ನು ಕೊಳ್ಳಬಹುದು. ಗ್ರಾಮದ ಮುಖಂಡರು ಮುಂದೆ ಬಂದರೆ ಸಹಕಾರ ಸಂಘದ ಮೂಲಕವೂ ಒದಗಿಸಬಹುದು. ಗುತ್ತಿಗೆದಾರನೇ ಆಳುಗಳನ್ನು ಕರೆತಂದರೂ ಹಗ್ಗವನ್ನು ಕಣ್ಣಾರೆ ನೋಡುವ ಹೊಣೆಯಿಂದ ಯಜಮಾನನು ತಪ್ಪಿಸಿಕೊಳ್ಳಲಾಗದು. ಪ್ರತಿದಿನವೂ ಬೆಳಗ್ಗೆ ಹಗ್ಗವನ್ನು ಮೊಳ ಮೊಳವಾಗಿ ಬೆರಳಲ್ಲಿ ಹಾಯಿಸಿ ನೋಡಬೇಕು: ಕೊಯ್ತ, ಸುಟ್ಟು ಗಡುಸಾದ ಭಾಗ, ತೆಳುವಾದ ಅಥವಾ ಉಬ್ಬಿದ ಜಾಗ. ನೆರಳಿನಲ್ಲಿ ಒಣಗಿಸಿ, ಗೊಬ್ಬರ, ಕೀಟನಾಶಕ, ಬ್ಯಾಟರಿಯ ಆಮ್ಲ ಇವುಗಳಿಂದ ದೂರವಾಗಿ ತೂಗುಹಾಕಬೇಕು. ಸಂದೇಹ ಬಂದ ಹಗ್ಗವನ್ನು ಮೂಲೆಯಲ್ಲಿ ಎಸೆದರೆ ಮರುವರ್ಷ ಯಾರೋ ಒಬ್ಬರು ಅದನ್ನೇ ಎತ್ತಿಕೊಂಡು ಮರ ಹತ್ತುವರು. ಆದುದರಿಂದ ಅಂದೇ ಅದನ್ನು ಮಾರುದ್ದದ ತುಂಡುಗಳಾಗಿ ಕತ್ತರಿಸಿ ಕೊಟ್ಟಿಗೆಯ ಕೆಲಸಕ್ಕೆ ಕೊಟ್ಟುಬಿಡಬೇಕು.